ಮಾಹ್‌ರುಖಳ ಮನೆಯ ಹರಕೆಯೂಟ

ಶಿರಾಜಿನ ಹಳೆಯ ಓಣಿಯೊಂದರಲ್ಲಿ ಮಾಹ್‌ರುಖ್ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ನಲವತ್ತು ಹತ್ತಿರವಾದರೂ ಮದುವೆಯಿಲ್ಲ. ಕೇಳಿದವರಿಗೆಲ್ಲ ಹಣೆಯಲ್ಲಿ ಬರೆದಿಲ್ಲವೆಂದು ಹೇಳಿ ಸಾಗಹಾಕುತ್ತಿದ್ದಳು. ನಿಜವಾದ ಕಾರಣ ಗೊಲ್ನಾರ್. ಶಾಲೆಯಲ್ಲಿ ಚಿತ್ರ ಕಲಿಸುವ ಆ ಗೆಳತಿಯನ್ನು ಬಿಟ್ಟು ಇವಳ ಮನಸ್ಸು ಬೇರೆಲ್ಲೂ ಹೋದದ್ದಿಲ್ಲ. ಅದು ಸರ್ಕಾರದ ಕಿವಿಗೆ ಬಿದ್ದರೆ ಇಬ್ಬರಿಗೂ ಛಡಿ ಏಟು, ಜೈಲು.

ಇವರಂಥವರೂ, ತಲೆವಸ್ತ್ರ ತೆಗೆದು ಬೀದಿಗಿಳಿದು ಪೆಟ್ಟು ತಿಂದವರೂ ಸೇರಿ ಏಳೆಂಟು ಹೆಂಗಸರು ಒಂದು ಗುಂಪು ಕಟ್ಟಿಕೊಂಡಿದ್ದರು. ಕೂತು ಮಾತಾಡಲು ಜಾಗವೆಲ್ಲಿ? ಚಹಾದಂಗಡಿಯಲ್ಲಿ ಗೂಢಚಾರರು, ಫೋನಿನಲ್ಲೂ ಕಿವಿ. ಹರಕೆಯ ಸೊಫ್ರೆ ಹಾಸೋಣವೆಂದು ಮಾಹ್‌ರುಖಳೇ ಉಪಾಯ ಹೇಳಿದಳು. ನೆಲಕ್ಕೆ ಬಟ್ಟೆ ಹಾಸಿ, ಆಶ್ ಗಂಜಿ, ಹಲ್ವಾ, ಖರ್ಜೂರ ಇಟ್ಟು ಹೆಂಗಸರು ಹರಕೆ ಹೊರುವ ಆ ಊಟಕ್ಕೆ ಯಾವ ಗಂಡಸೂ ಕಾಲಿಡುವಂತಿಲ್ಲ. ಫೋನುಗಳೆಲ್ಲ ಫ್ರಿಜ್ಜಿನೊಳಗೆ. ಒಬ್ಬಳು ಗಟ್ಟಿಯಾಗಿ ಪ್ರಾರ್ಥನೆ ಓದುತ್ತಿದ್ದರೆ ಉಳಿದವರು ಯಾರನ್ನು ಹಿಡಿದರು, ಯಾವ ವಕೀಲೆ ಸಿಕ್ಕಾಳು, ಮನೆಯವರು ಹೊರದಬ್ಬಿದ ಹುಡುಗಿಯನ್ನು ಎಲ್ಲಿ ಇರಿಸುವುದು ಎಂದು ಪಿಸುದನಿಯಲ್ಲಿ ತೀರ್ಮಾನಿಸುತ್ತಿದ್ದರು. ವಾರವಿಡೀ ಬಿಗಿಹಿಡಿದ ಉಸಿರನ್ನು ಮಂಗಳವಾರ ಮಧ್ಯಾಹ್ನ ಬಿಡುತ್ತಿದ್ದರು.

ಆದರೆ ಹರಕೆಯೂಟಕ್ಕೆ ಬಂದ ಹೆಂಗಸನ್ನು ಬೇಡವೆನ್ನಬಾರದಲ್ಲ, ಅದನ್ನು ಈ ಜಾಣೆಯರು ಮರೆತೇಬಿಟ್ಟರು. ಎದುರು ಮನೆಯ ಬತೂಲ್ ಖಾನುಂ ಒಂದು ದಿನ ಆಶ್‌ನ ವಾಸನೆ ಹಿಡಿದು ಬಂದು ಕೂತಳು. ಅವಳ ಗಂಡ ಓಣಿಯ ಮೇಲೆ ಕಣ್ಣಿಡುವ ಸರ್ಕಾರಿ ಕಾವಲು ಪಡೆಯವನು. ಮೊಮ್ಮಗನ ಜ್ವರ ಇಳಿಯಲೆಂದು ಹರಕೆ ಹೊತ್ತಳು, ಜ್ವರ ಇಳಿಯಿತು. ಇಳಿಯದೆ ಏನು, ಡಾಕ್ಟರು ಸೂಜಿ ಚುಚ್ಚಿದ್ದರಲ್ಲ! ಎಲ್ಲ ಮಾಹ್‌ರುಖಳ ಕೈಗುಣವೆಂದು ಓಣಿಯ ತುಂಬ ಸಾರಿದ್ದೇ ಸಾರಿದ್ದು. ಮುಂದಿನ ವಾರ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ನಡೆಸಿದರೆ ಬಾಯಿ ಬಿಡುವಂತಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಗೆಳತಿಯರು ಒಬ್ಬೊಬ್ಬರಾಗಿ ಜಾರಿಕೊಂಡರು. ಗೊಲ್ನಾರ್ ಮಾತ್ರ ಬರುತ್ತಿದ್ದಳು. ಮಾಹ್‌ರುಖಳ ಮುಖ ನೋಡಲು ಪಾಪ, ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಕೊನೆಗೊಂದು ಮಂಗಳವಾರ, ಪ್ರಾರ್ಥನೆ ಮುಗಿದ ಮೇಲೆ, ಬತೂಲ್ ಖಾನುಂ ಎಲ್ಲರೆದುರು ಮಾಹ್‌ರುಖಳ ಕೈ ಹಿಡಿದುಕೊಂಡಳು.

"ನಮ್ಮ ಮಗೂನ ಉಳಿಸ್ಕೊಟ್ಟೆ ಕಣಮ್ಮ. ಅದಕ್ಕೇ ಇದೇ ಸೊಫ್ರೆ ಮುಂದೆ ನಿಂಗೊಂದು ಗಂಡು ಬೇಡ್ಕೊಂಡಿದ್ದೆ. ನನ್ನ ತಮ್ಮ ಒಪ್ಪಿದಾನೆ. ಹೆಂಡ್ತಿ ತೀರ್ಕೊಂಡು ವರ್ಷ ಆಯ್ತು, ಪಡೇಲಿ ದೊಡ್ಡ ಕೆಲಸ. ಶುಕ್ರವಾರ ನೋಡೋಕೆ ಬರ್ತೀವಿ."

ಈ ವಯಸ್ಸಿನಲ್ಲಿ ತನಗೆ ಮದುವೆ ಯಾಕೆಂದು ಮಾಹ್‌ರುಖ್ ತೊದಲಿದಳು.

"ಹರಕೆ ಫಲಿಸಿದ್ದನ್ನ ಬೇಡ ಅಂತಾರೇನೇ? ಇಲ್ಲಾ ಮನಸ್ಸಲ್ಲಿ ಬೇರೆ ಯಾರಾದ್ರೂ ಇದಾರೋ?"

ಹೆಂಗಸರೆಲ್ಲ ನಕ್ಕರು. ಆಮೇಲೆ ಉತ್ತರಕ್ಕಾಗಿ ಕಾದರು. ಮಾಹ್‌ರುಖ್ ಬಾಗಿಲ ಕಡೆ, ಗೊಲ್ನಾರ್ ಕೂತಿದ್ದ ಕಡೆ, ಅಪ್ಪಿತಪ್ಪಿಯೂ ನೋಡಲಿಲ್ಲ.

"ಯಾರೂ ಇಲ್ಲ," ಎಂದಳು.

ಅಷ್ಟೇ ಸಾಕಾಯಿತು. ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದರು. ಸುಮ್ಮನೆ ಕೂತಿದ್ದ ಗೊಲ್ನಾರಳನ್ನು ಖಾನುಂ ಕಂಡಳು.

"ಏನ್ ಟೀಚರಮ್ಮ, ಗೆಳತಿಗೆ ಒಳ್ಳೇದಾದ್ರೆ ಹೊಟ್ಟೆಕಿಚ್ಚಾ?"

ಎಲ್ಲರೂ ತನ್ನತ್ತ ತಿರುಗುವ ಮುಂಚೆಯೇ ಗೊಲ್ನಾರ್ ಬಾಯಿಗೆ ಕೈ ಅಡ್ಡ ಹಿಡಿದು, ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದಳು.