ಮೇಷ್ಟ್ರ ಹೆಸರಿನ ಲಾಗಿನ್

ಮೇಷ್ಟ್ರ ಅಂಗೈ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಯಾವ ಊರಿನ ನೆಟ್‌ವರ್ಕ್ ಪೆಟ್ಟಿಗೆಯ ಮುಂದೆ ನಿಂತರೂ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಮೊದಲು ಅದರ ಬೆನ್ನ ಮೇಲೆ ಅಂಗೈ ಇಡುತ್ತಿದ್ದರು. "ಏನಪ್ಪಾ, ಹೆಂಗಿದೀಯಾ?" ಎಂದು ವಿಚಾರಿಸುತ್ತಿದ್ದರು. ಪೆಟ್ಟಿಗೆ ಏನು ಹೇಳುತ್ತಿತ್ತೋ ಕಾಣೆ, ಇವರು ಮಾತ್ರ ತಲೆಯಾಡಿಸಿದ ಮೇಲೆಯೇ ಲ್ಯಾಪ್‌ಟಾಪ್ ತೆರೆಯುತ್ತಿದ್ದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಇಂಟರ್ನೆಟ್ ಕೊಡುವ ನಮ್ಮ ಸಣ್ಣ ಕಂಪನಿಯ ಹಿರಿಯ ಇಂಜಿನಿಯರ್. ಶೆಟ್ಟಿಹಳ್ಳಿಯ ಆಫೀಸಿಗೆ ಸೇರಿದವರಿಗೆಲ್ಲ ಕೆಲಸ ಕಲಿಸಿದ್ದು ಅವರೇ ಆದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಕಲಿಸುವಾಗ ಬೈಗುಳ ಧಾರಾಳ. ಪೆಟ್ಟಿಗೆಯ ಸೆಟ್ಟಿಂಗ್ ಪೂರ್ತಿ ಓದದೆ ನಾನು ಏನಾದರೂ ತಿದ್ದಲು ಹೊರಟರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಯಾರ ಮನೆ ಅಂತ ತಿಳ್ಕೊಂಡು ಒಳಗೋಗಮ್ಮ. ಸುಮ್ನೆ ನುಗ್ಗಬೇಡ."

ಮರಳೂರಿನ ಅವರ ಮನೆಯಲ್ಲೂ ಕಂಪನಿಯ ಒಂದು ಪೆಟ್ಟಿಗೆ ಇತ್ತು. ಆ ಬೀದಿಗೆಲ್ಲ ಲೈನು ಅಲ್ಲಿಂದಲೇ. ಮೇಷ್ಟ್ರು ಅದಕ್ಕೊಂದು ಬಜರ್ ಜೋಡಿಸಿದ್ದರು. ಅವರ ಹೆಸರಿನ ಲಾಗಿನ್‌ನಿಂದ ಯಾರೇ ಆ ಪೆಟ್ಟಿಗೆಯೊಳಗೆ ಹೋದರೂ ಅದು ಒಂದು ಸಲ ಕೂಗುತ್ತಿತ್ತು. ಗುಬ್ಬಿಗೋ ಕುಣಿಗಲ್‌ಗೋ ತಲುಪಿದ ಕೂಡಲೇ ಅಲ್ಲಿಂದಲೇ ಲಾಗಿನ್ ಆಗಿ ಒಂದು ಸಲ ಕೂಗಿಸುತ್ತಿದ್ದರು, ತಲುಪಿದೆ ಎಂದು. ಸಂಜೆ ಬೆನ್ನುಬೆನ್ನಿಗೆ ಎರಡು ಸಲ ಕೂಗಿದರೆ ಮನೆಗೆ ಹೊರಟೆ ಎಂದು. ಎರಡು ಕೇಳಿದ ಮೇಲೆಯೇ ಅವರ ಹೆಂಡತಿ ಮುದ್ದೆಗೆ ಎಸರಿಡುತ್ತಿದ್ದದ್ದು.

"ಫೋನ್ ಮಾಡಬಾರದಾ ಸಾರ್?" ಎಂದು ನಾನು ಕೇಳಿದ್ದೆ.

"ಫೋನ್ ಮಾಡಿದ್ರೆ ನಿಮ್ಮಕ್ಕ ಬಿಡಲ್ಲ ಕಣಮ್ಮ. ದೇವರಾಯನದುರ್ಗದಲ್ಲಿ ಕೋತಿ ಬಾಳೆಹಣ್ಣು ಕಿತ್ಕೊಂಡಿದ್ದರಿಂದ ಶುರು ಮಾಡ್ತಾಳೆ."

ಹೋದ ವರ್ಷ ಅವರು ಕುಣಿಗಲ್‌ಗೆ ಹೋದ ಒಂದು ದಿನ ಬಜರ್ ಒಂದು ಸಲ ಕೂಗಿತು. ಎರಡು ಕೂಗಲೇ ಇಲ್ಲ. ಕುಣಿಗಲ್‌ನ ಪೆಟ್ಟಿಗೆಯ ಪಕ್ಕದ ಗೋಡೆಗೆ ಒರಗಿ ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು. ಹೃದಯಾಘಾತ ಎಂದರು ಡಾಕ್ಟರು. ನಮ್ಮ ಮಟ್ಟಿಗೆ ಆಫೀಸಿನ ತಲೆಯ ಮೇಲಿನ ಸೂರೇ ಹಾರಿಹೋಯಿತು.

ಅವರ ಲಾಗಿನ್ ಅಳಿಸಲು ಯಾರಿಗೂ ಕೈ ಬರಲಿಲ್ಲ. ತಿಂಗಳುಗಳು ಹೋದ ಮೇಲೆ ಯಜಮಾನರು ಒಂದು ಎಐ ಏಜೆಂಟ್ ತರಿಸಿದರು. "ಗುಬ್ಬಿ ಪೆಟ್ಟಿಗೆಯ ಕಾನ್ಫಿಗರೇಷನ್ ತಂದುಕೊಡು" ಎಂದು ಕನ್ನಡದಲ್ಲೇ ಟೈಪ್ ಮಾಡಿದರೆ ಸಾಕು, ತನಗೆ ಕೊಟ್ಟ ಟೂಲ್ ಹಿಡಿದು ಪೆಟ್ಟಿಗೆಯೊಳಗೆ ಹೋಗಿ ಓದಿಕೊಂಡು ಬಂದು ಒಪ್ಪಿಸುತ್ತಿತ್ತು. ತಿದ್ದಲು ಅದಕ್ಕೆ ಅನುಮತಿ ಇಲ್ಲ, ಓದುವುದಷ್ಟೇ. ದಿನಾ ಬೆಳಿಗ್ಗೆ ತಾನಾಗಿಯೂ ಎಲ್ಲ ಪೆಟ್ಟಿಗೆಗಳನ್ನು ಒಂದು ಸುತ್ತು ನೋಡಿಬರುತ್ತಿತ್ತು. ಎಲ್ಲ ಬಾಗಿಲೂ ತೆರೆಯುವ ಲಾಗಿನ್ ಒಂದೇ ಇದ್ದದ್ದರಿಂದ ಯಜಮಾನರು ಅದಕ್ಕೆ ಮೇಷ್ಟ್ರದನ್ನೇ ಕೊಟ್ಟಿದ್ದರು. ಬಜರ್ ಯಾರಿಗೂ ನೆನಪಾಗಲಿಲ್ಲ.

ಒಂದು ದಿನ ಅಕ್ಕ, ಮೇಷ್ಟ್ರ ಹೆಂಡತಿ, ನನಗೆ ಫೋನ್ ಮಾಡಿದರು. "ಒಂದು ಗಳಿಗೆ ಮನೆಗೆ ಬಾರಮ್ಮ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅವರು ಅಷ್ಟು ಕಡಿಮೆ ಮಾತಾಡಿದ್ದಕ್ಕೇ ನನಗೆ ಗಾಬರಿಯಾಯಿತು.

ಮರುದಿನ ಬೆಳಿಗ್ಗೆ ಹೋದೆ. ಕಾಫಿ ಲೋಟ ಕೈಗೆ ಕೊಡುವಷ್ಟರಲ್ಲಿ ಮೇಷ್ಟ್ರ ಫೋಟೋದ ಕೆಳಗಿದ್ದ ಪೆಟ್ಟಿಗೆ ಒಂದು ಸಲ ಕೂಗಿತು. ನನ್ನ ಕೈ ಮೇಲೆಲ್ಲ ಕಾಫಿ ಚೆಲ್ಲಿತು. ಅಕ್ಕ ಬೆಚ್ಚಲೂ ಇಲ್ಲ.

"ತಲುಪವ್ರೆ," ಎಂದರು. "ದಿನಾ ತಲುಪ್ತಾರೆ ಕಣಮ್ಮ. ಸಂಜೆ ಗಂಟ ಕಾಯ್ತೀನಿ, ಎರಡು ಹೊಡೆಯಲ್ಲ."

ಅದು ಏಜೆಂಟಿನ ಕೆಲಸ ಎಂದು ಬಿಡಿಸಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಮಿಷನ್ನು ಅಂತಾನೇ ಇಟ್ಕೋ. ಹೆಸರು ಅವ್ರದೇ ತಾನೆ? ಹೊರಟಿಲ್ಲದೋರ್ನ ಬಿಟ್ಟು ನಾನೆಂಗೆ ಬೀಗ ಹಾಕ್ಲಿ?"

ಅವರ ಮಗಳು ಗುಬ್ಬಿಯಲ್ಲಿ ತುಂಬು ಬಸುರಿ. ಸಾವಾದ ಮನೆ, ವರ್ಷ ತುಂಬಿಲ್ಲ, ಹೆರಿಗೆ ಅಲ್ಲಿ ಬೇಡ ಎಂದು ಬೀಗರು ಹಟ ಹಿಡಿದಿದ್ದರು. ಮಗಳು ಬರುವಂತಿಲ್ಲ, ತಾಯಿಯೇ ಹೋಗಬೇಕು. ತಾಯಿ ಮಾತ್ರ ಆ ಪೆಟ್ಟಿಗೆಯನ್ನು ಕಾಯುತ್ತ ಕೂತಿದ್ದರು. ನನಗೆ ದುಃಖಕ್ಕಿಂತ ಹೆಚ್ಚಾಗಿ ಭಯವಾಯಿತು.

ಆಫೀಸಿಗೆ ಬಂದವಳೇ ಏಜೆಂಟಿಗೆ ಬೇರೆ ಲಾಗಿನ್ ಮಾಡಿಕೊಟ್ಟೆ. ಒಂದೊಂದೇ ಪೆಟ್ಟಿಗೆಯಿಂದ ಮೇಷ್ಟ್ರ ಹೆಸರು ತೆಗೆಯುತ್ತ ಬಂದೆ. ಮರಳೂರಿನದು ಕೊನೆಗೆ ಉಳಿಯಿತು. ಅವರ ಹೆಸರಿನಲ್ಲೇ ಎರಡು ಸಲ ಒಳಗೆ ಹೋಗಿ, ಹೊರಟರು ಎಂದು ಅಕ್ಕನನ್ನು ನಂಬಿಸಿ, ಆಮೇಲೆ ಅಳಿಸುವುದೆಂದು ಲೆಕ್ಕ ಹಾಕಿದ್ದೆ. ಒಂದು ಸಲ ಹೋಗಿ ಬಂದೆ. ಎರಡನೆಯ ಸಲಕ್ಕೆ ಬೆರಳು ಏಳಲಿಲ್ಲ. ಅದು ಅವರು ಹೇಳಬೇಕಾದ ಮಾತು, ನಾನಲ್ಲ ಎನ್ನಿಸಿತು. ಅಳು ಬಂತು. ನನ್ನ ಲಾಗಿನ್‌ನಿಂದಲೇ ಒಳಗೆ ಹೋಗಿ ಅವರ ಹೆಸರು ಅಳಿಸಿಬಿಟ್ಟೆ.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಕ್ಕನ ಫೋನ್.

"ಎರಡು ಹೊಡೀತು ಕಣಮ್ಮ! ಹೊರಟವ್ರೆ. ಎಸರಿಟ್ಟಿದೀನಿ. ಎಡೆ ಇಟ್ಬುಟ್ಟು ಸಂಜೆ ಬಸ್ಸಿಗೆ ಗುಬ್ಬಿಗೆ ಹೋಗ್ತೀನಿ ಬುಡು."

ಮರಳೂರಿನ ಪೆಟ್ಟಿಗೆಯ ಕಾನ್ಫಿಗರೇಷನ್ನೂ, ಒಳಗೆ ಬಂದುಹೋದವರ ವಿವರವೂ ಬೇಕೆಂದು ಏಜೆಂಟನ್ನು ಕೇಳಿದೆ. ಅದು ಎಂದಿನಂತೆ ಶಿಸ್ತಾಗಿ ತಂದೊಪ್ಪಿಸಿತು. ಬೆಳಿಗ್ಗೆ ಏಜೆಂಟ್ ಹೋಗಿಬಂದದ್ದನ್ನು ಬಿಟ್ಟರೆ, ಆ ದಿನ ಮೇಷ್ಟ್ರ ಹೆಸರಿನಲ್ಲಿ ಎರಡು ಸಲ ಲಾಗಿನ್ ಆಗಿತ್ತು. ಒಂದು ನನ್ನದು. ಇನ್ನೊಂದು, ನಾನು ಹೆಸರು ಅಳಿಸಿದ ಮೇಲಿನದು. ಕೆಳಗೆ ಏಜೆಂಟ್ ತನ್ನದೂ ಒಂದು ಮಾತು ಸೇರಿಸಿತ್ತು: "ಈ ಹೆಸರಿನ ಬಳಕೆದಾರರು ಈ ಪೆಟ್ಟಿಗೆಯಲ್ಲಿ ಇಲ್ಲ."

ಅದನ್ನು ಯಜಮಾನರಿಗೆ ತೋರಿಸಲಿಲ್ಲ. ಅಕ್ಕ ಗುಬ್ಬಿ ತಲುಪಿದ ಮೂರನೆಯ ದಿನ ಮೊಮ್ಮಗಳು ಹುಟ್ಟಿದಳು.

ನನ್ನ ಅನ್ನದ ದಾರಿ ಮೇಷ್ಟ್ರು ಕಲಿಸಿದ್ದು. ಕುಣಿಗಲ್‌ಗೆ ಹೋದಾಗಲೆಲ್ಲ ನಾನೂ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಟ್ಟು, "ಏನಪ್ಪಾ, ಹೆಂಗಿದೀಯಾ?" ಎಂದು ಕೇಳಿಯೇ ಒಳಗೆ ಹೋಗುತ್ತೇನೆ. ಪಕ್ಕದ ಗೋಡೆಯ ಕಡೆ ಮಾತ್ರ ತಿರುಗಿ ನೋಡುವುದಿಲ್ಲ.