ಎಣ್ಣೆಯ ವಾಸನೆ ಇಲ್ಲದ ಕೋವಿ

ಜರ್ಮನಿಯ ಅಬ್‌ಸ್ಟಾಟ್‌ಗೆ ಬಂದ ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಎರಡು ಗುಂಡಿನ ಸದ್ದು ಕೇಳಿತು. ಒಂದರ ಬೆನ್ನಿಗೇ ಇನ್ನೊಂದು. ನಾನು ಕಪ್ಪು ಕೆಳಗಿಟ್ಟು ಎದ್ದು ನಿಂತೆ. ನಮ್ಮ ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ತೀರಿಕೊಂಡರೆ ಎರಡು. ಕೇಳಿಸಿಕೊಂಡವರು ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಡಬೇಕು.

"ಪೂವಿ, ಯಾರು ಹೋದರು?"

ಮಗಳು ಪೂವಮ್ಮ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಯಾರೂ ಹೋಗಿಲ್ಲ ಮಮ್ಮಿ. ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸ್ತಿದ್ದಾರೆ. ಬರೀ ಸದ್ದು ಅದು, ಗುಂಡಿಲ್ಲ. ಕೂತ್ಕೊಳ್ಳಿ."

ಕೂತೆ. ಸದ್ದು ಮಾತ್ರ ನಿಲ್ಲಲಿಲ್ಲ. ಗುಡ್ಡದ ಮೇಲಿಂದ ಎರಡು, ಆಮೇಲೆ ಮತ್ತೆರಡು. ಊರಿಗೆ ಊರೇ ಸಾಯುತ್ತಿದ್ದರೂ ಒಂದು ಬಾಗಿಲೂ ತೆರೆಯುತ್ತಿಲ್ಲವಲ್ಲ ಅನಿಸಿತು. ಜರ್ಮನಿ ನನಗೆ ಪರಿಚಯವಾದದ್ದು ಹೀಗೆ.

ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಕೊಡವ ತಕ್ಕ್, ಕ್ಲಾಸಿನಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಕನ್ನಡ. ಮೂರನ್ನೂ ಬೆರೆಸಿ ಮಾತಾಡಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಪೂವಿ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳು ಊರಾಚೆಯ ದೊಡ್ಡ ಕಾರು ಸಂಶೋಧನಾ ಕೇಂದ್ರದಲ್ಲಿ ಇಂಜಿನಿಯರ್. ಅಳಿಯನ ಕೆಲಸ ದೂರದ ವೋಲ್ಫ್ಸ್‌ಬುರ್ಗ್‌ನಲ್ಲಿ, ಶುಕ್ರವಾರ ಬಂದು ಭಾನುವಾರ ಹೋಗುವ ಮನುಷ್ಯ. ಮೊಮ್ಮಗಳು ತಾನ್ಯಾಗೆ ನಾನು ಏನು ಕೇಳಿದರೂ ಉತ್ತರ ಜರ್ಮನಿನಲ್ಲಿ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಸದ್ದು. ಲೋನ್ಲಿನೆಸ್ ಎಂಬ ಪದವನ್ನು ಎಷ್ಟು ಕಾಂಪೊಸಿಷನ್‌ಗಳಲ್ಲಿ ಬರೆದಿದ್ದೆನೋ! ಅರ್ಥ ಈಗ ತಿಳಿಯಿತು.

ಒಂದು ಸಮಾಧಾನವಿತ್ತು. ಈ ಕಡೆಯವರು ಎದುರಾದರೆ 'ಗ್ರ್ಯೂಸ್ ಗಾಟ್' ಎನ್ನುತ್ತಾರೆ. ದೇವರು ನಿನ್ನನ್ನು ಹರಸಲಿ ಎಂದ ಹಾಗೆ. ಕಾನ್ವೆಂಟಿನ ಹುಡುಗಿಗೆ ಅಷ್ಟು ಸಾಕಲ್ಲ, ನಾನೂ ಬೀದಿಯಲ್ಲಿ ಸಿಕ್ಕವರಿಗೆಲ್ಲ ದೇವರನ್ನು ಹಂಚತೊಡಗಿದೆ. ಇನ್ನೊಂದು, ಕೇರ್‌ವೋಖೆ. ಹಾಗೆಂದರೆ ಗುಡಿಸುವ ವಾರ. ಮೆಟ್ಟಿಲು, ಹೊರಗಿನ ಫುಟ್‌ಪಾತು ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ಒಂದು ಮರದ ಹಲಗೆ ಬಂದು ನೇತಾಡುತ್ತದೆ. ನಮ್ಮದು ಎರಡು ಅಂತಸ್ತಿನ ಮನೆ. ಮೇಲೆ ನಾವು, ಕೆಳಗೆ ಹೆರ್ ಬಾಯರ್ಲೆ. ಹೆಂಡತಿಯನ್ನು ಕಳೆದುಕೊಂಡ ಮುದುಕ, ನಿವೃತ್ತ ಫಿಟ್ಟರ್. ಹಿಂದೆ ಮೆಷೀನ್ ಕೂರಿಸಲು ದೇಶ ದೇಶ ತಿರುಗಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ನಾನು ಗುಡಿಸಿದ್ದನ್ನು ಬಗ್ಗಿ ಪರೀಕ್ಷಿಸಿ, "ಫ್ರಾವ್ ದೇಚಮ್ಮ, ಮೂಲೆಗಳೂ ಮೆಟ್ಟಿಲಿಗೇ ಸೇರಿದವು," ಎಂದರು. ನಮ್ಮ ಸ್ನೇಹ ಶುರುವಾದದ್ದು ಈ ಬೈಗುಳದಿಂದ.

ಬಾಯರ್ಲೆ ಯೇಗರ್, ಅಂದರೆ ಲೈಸೆನ್ಸ್ ಇರುವ ಬೇಟೆಗಾರ. ಇಲ್ಲಿ ಕಾಡುಹಂದಿಗಳು ದ್ರಾಕ್ಷಿ ತೋಟ ಅಗೆದು ಹಾಕುತ್ತವೆ, ಥೇಟ್ ನಮ್ಮ ಗದ್ದೆಗಳ ಹಾಗೆ. ಒಂದು ಚಳಿಗಾಲ ಪೇಪರಿನಲ್ಲಿ ಸುತ್ತಿದ ಹಂದಿಮಾಂಸ ತಂದುಕೊಟ್ಟರು. ನಾನು ಊರಿನಿಂದ ಬಾಟಲಿಯಲ್ಲಿ ತಂದಿದ್ದ ಕಪ್ಪು ಹುಳಿ, ಕಾಚಂಪುಳಿ ಹಾಕಿ ಪಂದಿಕರಿ ಮಾಡಿ, ಏಷ್ಯನ್ ಅಂಗಡಿಯ ಅಕ್ಕಿಹಿಟ್ಟಿನ ರೊಟ್ಟಿ ತಟ್ಟಿ ಕೆಳಗೆ ಕೊಂಡುಹೋದೆ. ಮೂಗು ಒರೆಸಿಕೊಳ್ಳುತ್ತ ತಟ್ಟೆ ಖಾಲಿ ಮಾಡಿದರು. "ಮೂವತ್ತು ವರ್ಷ ನನ್ನ ಹೆಂಡತಿ ಇದನ್ನು ಬರೀ ಬೇಯಿಸಿದಳು. ಪಾಪದ ಹಂದಿಗಳು!" ಜರ್ಮನಿಯಲ್ಲಿ ನನ್ನ ಮೊದಲ ವಿಜಯ ಅದು.

ಆ ದಿನ ಕೋವಿ ತೋರಿಸಿದರು. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕಬೋರ್ಡು. ಒಳಗೆ ಮರದ ಹಿಡಿಯ ಒಂದು ಸೆಮಿ ಆಟೊಮ್ಯಾಟಿಕ್ ರೈಫಲ್, ಪಕ್ಕದಲ್ಲಿ ಹಳೆಯ ಜೋಡಿ ನಳಿಕೆಯದು. ನಾನು ಹತ್ತಿರ ಹೋದದ್ದೇ ತಡ, "ಮುಟ್ಟಬಾರದು!" ಎಂದರು. ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, ನಳಿಕೆಗೆ ಹೂ ಸಿಕ್ಕಿಸಿ ಕೈ ಮುಗಿಯುತ್ತೇವೆ. ಹೆಣ್ಣುಮಕ್ಕಳೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತೇವೆ. ಇಲ್ಲಿ ಹಾಗಲ್ಲ. ಯೇಗರ್ ಆಗಬೇಕಾದರೆ ದೊಡ್ಡ ಪರೀಕ್ಷೆ. ಅಧಿಕಾರಿ ಹೇಳದೆ ಕೇಳದೆ ಬಂದು ಕಬೋರ್ಡಿಗೆ ಬೀಗ ಬಿದ್ದಿದೆಯೋ ಎಂದು ನೋಡುತ್ತಾನೆ. ಲೈಸೆನ್ಸ್ ಇಲ್ಲದವರು ಕೋವಿಯನ್ನು ಎತ್ತಿಕೊಂಡು ಹೋದರೆ ಅಪರಾಧ. ಅದನ್ನು ಕೇಳಿಸಿಕೊಂಡಿದ್ದೆ. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

ಒಂದು ಭಾನುವಾರ ಪೂವಿಯ ಆಫೀಸಿನ ಹುಡುಗರು ಊಟಕ್ಕೆ ಬಂದರು. ದಾವಣಗೆರೆಯ ವಿನಯ್, ಹುಬ್ಬಳ್ಳಿಯ ಇಮ್ರಾನ್. ಇಬ್ಬರೂ ಇಲ್ಲಿನ ಆಖೆನ್ ಯೂನಿವರ್ಸಿಟಿಯಲ್ಲಿ ಒಟ್ಟಿಗೆ ಓದಿದವರು.

"ಆಂಟಿ, ಕೆಳಗಿನ ತಾತ ಗನ್ ಇಟ್ಕೊಂಡಿದ್ದಾರಂತೆ?" ಎಂದ ವಿನಯ್. "ಇದೇನು ಅಮೆರಿಕಾನಾ? ಜರ್ಮನಿಲಿ ಯಾರ ಹತ್ರಾನೂ ಗನ್ ಇರಲ್ಲ."

"ಯಾರ್ ಹೇಳಿದ್ರು ಗುರು ನಿನಗ? ಬೇಟೆಯವ್ರು, ಶೂಟಿಂಗ್ ಕ್ಲಬ್ಬಿನವ್ರು, ಎಲ್ಲಾರ ಮನ್ಯಾಗೂ ಅದಾವ," ಎಂದ ಇಮ್ರಾನ್. "ಆದ್ರ ಸೆಮಿ ಆಟೊಮ್ಯಾಟಿಕ್ ಹೆಂಗ್ ಕೊಟ್ರು ಮಗಾ? ಒತ್ತಿ ಹಿಡದ್ರ ಡಬಡಬಡಬ ಹೊಡಕೋತ ಹೋಗತೈತಿ ಅದು."

"ಅದು ಫುಲ್ ಆಟೊಮ್ಯಾಟಿಕ್, ಮೈ ಡಿಯರ್ ಬಾಯ್ಸ್," ಎಂದೆ ಸಾರು ಬಡಿಸುತ್ತ. "ಇದರಲ್ಲಿ ಒಂದು ಸಲ ಒತ್ತಿದರೆ ಒಂದೇ ಗುಂಡು. ಮುಂದಿನದು ತಾನಾಗಿ ಬಂದು ಕೂರುತ್ತದೆ ನಿಜ, ಆದರೆ ಹಾರಬೇಕಾದರೆ ಮತ್ತೆ ಬೆರಳೇ ಬೇಕು. ಇಲ್ಲಿ ಬೇಟೆಗಾರರ ಮ್ಯಾಗಜೀನಿಗೆ ಎರಡೇ ಗುಂಡು."

ಇಬ್ಬರ ತುತ್ತೂ ನಿಂತಿತು. "ಆಂಟಿ, ನೀವು ಓದಿದ್ದು ಕಾನ್ವೆಂಟೋ, ಕಮಾಂಡೋ ಟ್ರೈನಿಂಗೋ?" ಎಂದ ವಿನಯ್.

ನಕ್ಕೆವು. ಬಾಯರ್ಲೆಗೆ ಹೇಳಿದಾಗ ಅವರು ನಗಲಿಲ್ಲ. ಅವರ ಬೇಟೆ ತಂಡದ ಒಬ್ಬ ಯುವಕನ ರೈಫಲ್ಲಿಗೆ ಕಪ್ಪು ಪ್ಲಾಸ್ಟಿಕ್ ಹಿಡಿಯಂತೆ. ಅವನನ್ನು ಕಂಡರೆ ಜನ ರಸ್ತೆ ದಾಟಿ ಆಚೆ ಹೋಗುತ್ತಾರೆ. ಮರದ ಹಿಡಿಯ ಬಾಯರ್ಲೆಗೆ ಗ್ರ್ಯೂಸ್ ಗಾಟ್. "ಒಳಗಿನ ಯಂತ್ರ ಎರಡಕ್ಕೂ ಒಂದೇ," ಎಂದರು. ಜನ ತುಂಬಿದ ಜಾಗದಲ್ಲಿ ಕೆಟ್ಟ ಮನಸ್ಸಿನವನ ಕೈಗೆ ಸಿಕ್ಕರೆ, ತಾನಾಗಿ ಬಂದು ಕೂರುವ ಆ ಎರಡನೆಯ ಗುಂಡು ಭಯಂಕರವೇ. ನಾನು ಅಲ್ಲಗಳೆಯುವುದಿಲ್ಲ. ಆದರೆ ಜನ ಅಳೆಯುವುದು ಬಣ್ಣದಿಂದ, ಹೆಸರಿನಿಂದ. ಬೀದಿಯಲ್ಲಿ ಹೋಗುವ ಕೋವಿಗೆ ಹೆದರುತ್ತಾರೆ. ಬೀಗ ಹಾಕಿದ ಮನೆಯೊಳಗೆ ಕೋವಿಯ ಜೊತೆ ಒಬ್ಬನೇ ಕೂತಿರುವವನ ಬಗ್ಗೆ ಯಾರೂ ಕೇಳುವುದಿಲ್ಲ. ಅಲ್ಲಿ ಎಷ್ಟು ಗುಂಡು ಎನ್ನುವ ಚರ್ಚೆಗೆ ಅರ್ಥವೇ ಇಲ್ಲ. ಒಂದು ಸಾಕು.

ಇದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ನನ್ನ ಅಣ್ಣ ಕುಟ್ಟಪ್ಪ ಮಿಲಿಟರಿಯಿಂದ ರಿಟೈರಾಗಿ ಬಂದವನು. ಹೆಂಡತಿ ತೀರಿಕೊಂಡ ವರ್ಷ ಅವನು ತನ್ನ ನಾಯಿಯನ್ನು ಪಕ್ಕದ ಮನೆಯವರಿಗೆ ಕೊಟ್ಟ. ಅದಾಗಿ ವಾರದೊಳಗೆ ನಮ್ಮೂರಲ್ಲಿ ಎರಡು ಗುಂಡು ಹಾರಿಸಬೇಕಾಗಿ ಬಂತು. 'ಕೋವಿ ಕ್ಲೀನ್ ಮಾಡುವಾಗ ಆಕ್ಸಿಡೆಂಟ್' ಎಂದು ಊರಿಗೆಲ್ಲ ಹೇಳಿದರು. ನಮ್ಮ ಕಡೆ ಎಷ್ಟೊಂದು ಗಂಡಸರು ಕೋವಿ ಕ್ಲೀನ್ ಮಾಡುವಾಗ ಸತ್ತಿದ್ದಾರೆ! ಆಗ ಮೈಸೂರಿನಲ್ಲಿದ್ದ ನಾನು ಬಸ್ಸಿನಲ್ಲಿ ಬಂದು ಜಗಲಿ ಹತ್ತಿದಾಗ, ಕೋವಿಗೆ ಎಣ್ಣೆ ಹಚ್ಚಿ ಒರೆಸುವ ಅವನ ಬಟ್ಟೆ ಚೂರು ಕುರ್ಚಿಯ ಮೇಲೆ ಮಡಚಿದ ಹಾಗೇ ಇತ್ತು. ಒಣಗಿದ ಬಟ್ಟೆ. ಎಣ್ಣೆಯ ವಾಸನೆ ಎಲ್ಲೂ ಇರಲಿಲ್ಲ.

ಹಾಗಾಗಿ ಈ ಫೆಬ್ರವರಿಯಲ್ಲಿ ಬಾಯರ್ಲೆಯ ಬೇಟೆನಾಯಿ ಆಸ್ಟ ಕಾಣದಾದಾಗ ನೇರ ಅವರನ್ನೇ ಕೇಳಿದೆ.

"ಆಸ್ಟ ಎಲ್ಲಿ?"

"ಗೆಳೆಯನಿಗೆ ಕೊಟ್ಟೆ. ಅವಳಿಗೆ ಓಡಾಡುವವರು ಬೇಕು. ನನ್ನ ಮಂಡಿ..." ಎಂದರು. ಹೆಂಡತಿ ತೀರಿಕೊಂಡ ತಾರೀಕು ಹತ್ತಿರವಿತ್ತು.

ಪೂವಿಗೆ ಹೇಳಿದೆ. "ಮಮ್ಮಿ, ಜರ್ಮನ್ನರ ಪರ್ಸನಲ್ ವಿಷಯಕ್ಕೆ ಹೋಗಬೇಡಿ. ಇಲ್ಲಿ ಹಾಗೆಲ್ಲ ಕೇಳೋ ಹಾಗಿಲ್ಲ," ಎಂದಳು.

ಗುಡಿಸುವ ಹಲಗೆ ನಮ್ಮ ಬಾಗಿಲಿಗೆ ಬರಬೇಕಾದ ದಿನ ಬರಲಿಲ್ಲ. ಬಾಯರ್ಲೆ ಮರೆಯುವ ಆಸಾಮಿಯಲ್ಲ. ಕೆಳಗೆ ಹೋದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಡುಗೆಮನೆಯಲ್ಲಿ ಕೂತಿದ್ದರು, ಭಾನುವಾರದ ಕೋಟು ಹಾಕಿಕೊಂಡು. ಮೇಜಿನ ಮೇಲೆ ಪೇಪರು ಹಾಸಿ ಮರದ ಹಿಡಿಯ ರೈಫಲ್. ಪಕ್ಕದಲ್ಲಿ ಮಡಚಿದ ಬಟ್ಟೆ.

"ಕ್ಲೀನ್ ಮಾಡುತ್ತಿದ್ದೇನೆ," ಎಂದರು, ನಾನು ಕೇಳುವ ಮೊದಲೇ.

ನಾನು ಉಸಿರೆಳೆದುಕೊಂಡೆ. ಬರೀ ಕಾಫಿಪುಡಿಯ ವಾಸನೆ.

"ಹಾಗಾದರೆ ನನಗೊಂದು ಕಾಫಿ ಕೊಡಿ ಹೆರ್ ಬಾಯರ್ಲೆ, ಮೇಲೆ ಪುಡಿ ಮುಗಿದಿದೆ," ಎಂದು ಸುಳ್ಳು ಹೇಳಿದೆ. ಮನೆಗೆ ಬಂದವರು ಕೇಳಿದರೆ ಇಲ್ಲವೆನ್ನುವ ಮನುಷ್ಯನಲ್ಲ. ಒಲೆಯ ಕಡೆ ತಿರುಗಿದರು. ಹುಡುಗಿಯಾಗಿದ್ದಾಗ ಅಪ್ಪ ಕಲಿಸಿದ್ದನ್ನು ನನ್ನ ಕೈ ಮರೆತಿರಲಿಲ್ಲ. ಮ್ಯಾಗಜೀನು ತೆಗೆದೆ, ಒಳಗೆ ಕೂತಿದ್ದ ಗುಂಡನ್ನೂ ತೆಗೆದೆ. ಅವರು ತಿರುಗುವಷ್ಟರಲ್ಲಿ ರೈಫಲನ್ನು ಸೆರಗಿನಡಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ, ಈ ಮಂಡಿಗಳಲ್ಲಿ! ನನ್ನ ಮಂಚದ ಕೆಳಗೆ ಇಟ್ಟು, ಕೋಣೆಗೆ ಬೀಗ ಹಾಕಿ, ಪೂವಿಗೆ ಫೋನ್ ಮಾಡಿದೆ.

"ಮಮ್ಮಿ! ಬೇರೆಯವರ ರೈಫಲ್ ತಂದು ಮಂಚದಡಿ ಇಟ್ಟಿದ್ದೀರಾ? ಇಲ್ಲಿ ಜೈಲಿಗೆ ಹಾಕ್ತಾರೆ ಗೊತ್ತಾ?"

"ಹಾಕಲಿ. ಡಾಕ್ಟರನ್ನು ಕಳಿಸು. ಪೊಲೀಸರನ್ನೂ ಕಳಿಸು."

ಕೆಳಗೆ ಹೋಗಿ ಅವರ ಎದುರು ಕೂತೆ. ಎರಡು ಕಪ್‌ಗಳಲ್ಲಿ ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು.

"ನೀವು ನನ್ನಿಂದ ಕದ್ದಿರಿ," ಎಂದರು.

"ಹೌದು."

"ಇನ್ನೊಂದು ಕಬೋರ್ಡಿನಲ್ಲಿದೆ."

"ಅದಕ್ಕೇ ಇಲ್ಲಿ ಕೂತಿದ್ದೇನೆ."

ಜಡೆ ಹಾಕಿದ ಒಬ್ಬ ಯುವ ಮಹಿಳಾ ಪೊಲೀಸ್ ಆ್ಯಂಬುಲೆನ್ಸಿನವರ ಜೊತೆ ಬಂದಳು. ಮೊದಲು ಬಾಯರ್ಲೆಯನ್ನು ಕೇಳಿದಳು. ಕ್ಲೀನ್ ಮಾಡುತ್ತಿದ್ದೆ, ಈ ಹೆಂಗಸು ತಪ್ಪು ತಿಳಿದಳು, ಎಂದರು. ಆಮೇಲೆ ನನ್ನ ಕಡೆ ತಿರುಗಿದಳು. "ಅವರು ಹೇಳುತ್ತಿರುವುದು ನಿಜವೇ?"

ಬಾಯರ್ಲೆ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ರೈಫಲ್ ಕಬೋರ್ಡಿಗೆ ವಾಪಸು. ಬೇಟೆ, ಗೆಳೆಯರು, ಊರಿನ ಮರ್ಯಾದೆ ಎಲ್ಲ ಉಳಿಯುತ್ತದೆ. ಇಲ್ಲ ಎಂದರೆ ಲೈಸೆನ್ಸ್ ಹೋಗುತ್ತದೆ, ಅದರ ಜೊತೆ ಅವರಿಗೆ ಉಳಿದಿರುವುದೆಲ್ಲ ಹೋಗುತ್ತದೆ. ಈ ದೇಶದಲ್ಲಿ ನನಗಿದ್ದದ್ದೂ ಒಬ್ಬನೇ ಸ್ನೇಹಿತ.

"ನೋ," ಎಂದೆ. "ದೇರ್ ವಾಸ್ ನೋ ಆಯಿಲ್."

ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡೂ ಕೋವಿಗಳು ಪೊಲೀಸ್ ವ್ಯಾನಿಗೆ ಹೋದವು. ನನ್ನ ಮೇಲೂ ಕೇಸು ಬರೆದುಕೊಂಡು, ಬೈದು, ಕೊನೆಗೆ ಕೈಬಿಟ್ಟರು. ಬೇಕರಿಯ ಹೆಂಗಸು ಪೂವಿಯನ್ನು ಕೇಳಿದಳಂತೆ: ನಿಮ್ಮ ತಾಯಿಯ ಮಂಚದಡಿ ಮೆಷಿನ್ ಗನ್ ಸಿಕ್ಕಿತಂತಲ್ಲ? ಮೊದಲ ವರ್ಷ ನನಗೆ ಸಿಕ್ಕಿದ್ದ ಗ್ರ್ಯೂಸ್ ಗಾಟ್‌ಗಳಲ್ಲಿ ಅರ್ಧ ವಾಪಸು ಹೋದವು.

ಊರಿನಿಂದ ಕುಟ್ಟಪ್ಪಣ್ಣನ ಮಗ ಚಿಣ್ಣಪ್ಪ ಫೋನ್ ಮಾಡಿದ. "ಏನತ್ತೆ, ಅಕ್ಕಪಕ್ಕದವರನ್ನು ಪೊಲೀಸರಿಗೆ ಹಿಡಿದುಕೊಟ್ರಂತೆ? ಪೂರ್ತಿ ಜರ್ಮನ್ ಆಗಿಬಿಟ್ರಿ ಬಿಡಿ. ನಮ್ಮಲ್ಲಾದ್ರೆ ನಾಲ್ಕು ಜನ ಹೋಗಿ ಕೂತು ಮಾತಾಡಿಸ್ತಿದ್ವಿ."

"ನಿನ್ನ ಅಪ್ಪನ ಹತ್ತಿರ ಯಾರು ಕೂತಿದ್ದರು ಚಿಣ್ಣಪ್ಪ?"

"ಅತ್ತೆ, ಲೈನು ಸರಿ ಇಲ್ಲ. ಆಮೇಲೆ ಮಾಡ್ತೀನಿ."

ಅಲ್ಲಿ ಗಂಡಸಿನ ಕೈಯಿಂದ ಕೋವಿ ತೆಗೆದುಕೊಳ್ಳುವವರಿಲ್ಲ, ಅದು ಅವನ ಮಾನ. ಇಲ್ಲಿ ತೆಗೆದುಕೊಳ್ಳಲು ಕಾನೂನಿದೆ, ಇಲಾಖೆಯಿದೆ. ತೆಗೆದುಕೊಂಡು ಹೋದ ಮೇಲೆ ಆ ಖಾಲಿ ಕಬೋರ್ಡಿನ ಎದುರು ಮುದುಕನೊಬ್ಬನೇ ಕೂರುತ್ತಾನೆ.

ಬಾಯರ್ಲೆ ಏಪ್ರಿಲ್‌ನಲ್ಲಿ ಮರಳಿ ಬಂದರು, ಇಳಿದು ಅರ್ಧ ಆಗಿ. ಲೈಸೆನ್ಸ್ ರದ್ದಾಗಿದೆ. ಬೇಟೆಯ ಗೆಳೆಯರು ಮೊದಮೊದಲು ಬಂದರು, ಈಗ ಇಲ್ಲ. ನನ್ನೊಡನೆ ಮಾತಿಲ್ಲ. ನಾನು ಮಧ್ಯಾಹ್ನ ಕಾಫಿಯ ಫ್ಲಾಸ್ಕ್ ಹಿಡಿದು ಇಳಿದುಹೋಗಿ ಬೆಲ್ ಮಾಡುತ್ತೇನೆ. ತೆಗೆಯುವುದಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ನನ್ನ ಪಾಲಿನದನ್ನು ಕುಡಿಯುತ್ತೇನೆ. ಒಳಗೆ ಕುರ್ಚಿ ಎಳೆದ ಸದ್ದೋ ಕೆಮ್ಮೋ ಕೇಳಿಸಿದ ನಂತರ ಮೇಲಕ್ಕೆ ಬರುತ್ತೇನೆ. ಕಳೆದ ವಾರ ಬಾಗಿಲು ಒಮ್ಮೆಲೇ ತೆರೆಯಿತು.

"ಹೀಗೆ ದಿನಾ ಬಂದು ಬೇರೆಯವರ ಬಾಗಿಲಲ್ಲಿ ಕೂರುವುದು ಅಸಭ್ಯತೆ," ಎಂದರು.

"ಹೌದು. ನಮ್ಮ ಕಡೆ ಒಳಗೇ ಬಂದು ಕೂರುತ್ತೇವೆ."

ಬಾಗಿಲು ಹಾಕಿಕೊಂಡರು. ಆದರೆ ಚಿಲಕದ ಸದ್ದು ಕೇಳಲಿಲ್ಲ.

ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ ಬನ್ನಿ, ಟಿಕೆಟ್ ಮಾಡ್ಲಾ, ಎಂದು ಪೂವಿ ಕೇಳುತ್ತಲೇ ಇದ್ದಾಳೆ. ಹೋಗಬೇಕು. ಅಲ್ಲಿ ಅಣ್ಣನ ಕೋವಿಯನ್ನು ಈಗಲೂ ದೇವರ ಮುಂದೆ ಇಡುತ್ತಾರೆ. ಅದರ ಎದುರು ನಿಂತು ಒಮ್ಮೆಯಾದರೂ ಆ ದಿನದ ನಿಜವನ್ನು ಹೇಳಬೇಕೆಂಬ ಆಸೆ ನನಗಿದೆ. ನನ್ನವರು ಅಲ್ಲಿದ್ದಾರೆ, ನನ್ನ ಮಾತು ಅಲ್ಲಿದೆ. ಆದರೆ ನಾನು ಹೋದರೆ, ಮಧ್ಯಾಹ್ನದ ಹೊತ್ತು ಈ ಬಾಗಿಲಿಗೆ ಕಿವಿ ಕೊಡುವವರು ಯಾರು? ತಾನ್ಯಾಗೆ ಹೇಳಿ ನೋಡಿದೆ. "ವಾರುಮ್ ಇಷ್?" ಎಂದಳು. ನಾನೇ ಯಾಕೆ, ಎಂದು.

ಪೂವಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಫ್ಲಾಸ್ಕ್ ತುಂಬಿಸಿ ಕೆಳಗೆ ಹೊರಟಿದ್ದೇನೆ.