ಕಾಣೆಯಾದ ಕೋಣೆ

ತೊಂಬತ್ತರ ದಶಕದಲ್ಲಿ ವಿದೇಶಕ್ಕೆ ಹೊಸದಾಗಿ ಬಂದು ಪ್ಯಾರಮಟ್ಟಾದಲ್ಲಿ ಖಾಲಿ ಫ್ಲ್ಯಾಟೊಂದನ್ನು ಬಾಡಿಗೆಗೆ ಹಿಡಿದಾಗ ಏಜೆಂಟ್ ಹೆಂಗಸು ಫಾರ್ಮ್ ಕೊಟ್ಟು, ಮನೆಯ ಕುಂದುಕೊರತೆಗಳನ್ನೆಲ್ಲ ಬರೆದುಕೊಡಿ ಎಂದಳು. ನನಗೆ ಅಚ್ಚರಿ. ಬೆಂಗಳೂರಿನಲ್ಲಿ ಯಾವ ಓನರ್ ಹೀಗೆ ಕೇಳಿದ್ದ? ಕುರ್ಚಿಯಿಲ್ಲದ ಹಾಲ್‌ನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಹುರುಪಿನಿಂದ ಬರೆಯತೊಡಗಿದೆ.

“ದೇವ್ರ ಮನೇನೇ ಇಲ್ವಲ್ರೀ, ಅದನ್ನೂ ಬರೀರಿ,” ಎಂದಳು ಹೆಂಡತಿ.

‘ಪೂಜಾ ರೂಮ್ ಮಿಸ್ಸಿಂಗ್’ ಎಂದು ಬರೆದೆ.

ಮರುದಿನವೇ ಏಜೆಂಟ್ ಗಾಬರಿಯಿಂದ ಬಂದು, ಮನೆಯ ನಕ್ಷೆ ಹಿಡಿದು ಕೋಣೆಗಳನ್ನು ಎರಡು ಸಲ ಎಣಿಸಿದಳು. ವಿವರಿಸಲು ಹೋಗಿ ನಾನು ಸೋತೆ.

ಮೂರು ವರ್ಷಗಳ ನಂತರ ಮನೆ ಬಿಡುವಾಗ ಅದೇ ಫಾರ್ಮ್ ಹಿಡಿದು ಬಂದವಳು ಬಟ್ಟೆಯ ಕಬೋರ್ಡ್ ತೆರೆದಳು. ಒಳಗೋಡೆಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕುಂಕುಮ, ಊದುಬತ್ತಿಯ ವಾಸನೆ. ಪೆನ್ನು ತೆಗೆದು, ನನ್ನ ‘ಮಿಸ್ಸಿಂಗ್’ ಪಕ್ಕದಲ್ಲಿ ಬರೆದಳು: ‘ಫೌಂಡ್’.